ಎಲೆಕ್ಟ್ರಿಕ್ ಡೆಲಿವರಿ ವ್ಯಾನಿನ ಹಿಂದಿನ ಸ್ವೇ ಬಾರ್ ಬುಷ್ ಬದಲಿಸುವುದು ಹೇಗೆ: ಮಲೆನಾಡಿನ ರಸ್ತೆಗೆ ತಕ್ಕ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನಿಂದ ಆಲ್ದೂರು ದಾಟಿ ಬಾಳೆಹೊನ್ನೂರಿನ ಕಡೆಗೆ ದಿನವೂ ಓಡುವ ಡೆಲಿವರಿ ವ್ಯಾನಿನ ಹಿಂಬದಿಯಲ್ಲಿ ‘ಟಕ್ ಟಕ್’ ಶುರುವಾದರೆ ಮೊದಲ ಅನುಮಾನ ಶಾಕ್ ಅಬ್ಸಾರ್ಬರ್ ಮೇಲೆ ಹೋಗುತ್ತದೆ. ಜೋಡಿ ಶಾಕ್ ಬದಲಾಯಿಸಿ ದುಡ್ಡು ಕಳೆದ ಮೇಲೂ ಶಬ್ದ ಹಾಗೇ ಉಳಿಯುತ್ತದೆ. ಇಂಥ ಎಷ್ಟೋ ಗಾಡಿಗಳಲ್ಲಿ ಕಾರಣ ಅಂಗೈಯಲ್ಲಿ ಹಿಡಿಸುವ ಎರಡು ರಬ್ಬರ್ ತುಂಡು, ಅಂದರೆ ಸ್ವೇ ಬಾರ್ ಬುಷ್. ಗ್ಯಾರೇಜಿನಲ್ಲಿ ಇದನ್ನು ಸ್ಟೆಬಿಲೈಜರ್ ಬುಷ್ ಎಂದೋ, ಆಕಾರ ನೋಡಿ ಡಿ ಬುಷ್ ಎಂದೋ ಕೇಳಿದರೆ ಕೊಡುತ್ತಾರೆ.

ಕೆಲಸ ದೊಡ್ಡದಲ್ಲ. ಬೋಲ್ಟುಗಳು ತುಕ್ಕು ಹಿಡಿಯದಿದ್ದರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಮೂರು ಮಳೆಗಾಲ ಕಂಡ ಗಾಡಿಯಾದರೆ ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ಹೊಸ ಬುಷ್ ಆರು ತಿಂಗಳಿಗೇ ಹೋಯಿತು ಎನ್ನುವ ದೂರಿನ ಹಿಂದೆ ಮಾತ್ರ ಹೆಚ್ಚಾಗಿ ಜೋಡಣೆಯ ತಪ್ಪೇ ಇರುತ್ತದೆ. ಕೊಳೆ ತೆಗೆಯದ ರಾಡಿನ ಮೇಲೆ ಕೂರಿಸಿರುತ್ತಾರೆ, ಚಾಸಿಸ್ ಗ್ರೀಸ್ ಬಳಿದಿರುತ್ತಾರೆ, ಇಲ್ಲವೇ ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟು ಬಿಗಿದಿರುತ್ತಾರೆ. ಈ ಮೂರನ್ನು ತಪ್ಪಿಸುವುದೇ ಇಲ್ಲಿ ಮುಖ್ಯ.

ರಾಡು ಏನು ಮಾಡುತ್ತದೆ, ಬುಷ್ ಯಾಕೆ ಸವೆಯುತ್ತದೆ

ಸ್ವೇ ಬಾರ್ ಎಂದರೆ ಅಗಲವಾದ ‘ಯು’ ಆಕಾರಕ್ಕೆ ಬಗ್ಗಿಸಿದ ಸ್ಪ್ರಿಂಗ್ ಸ್ಟೀಲಿನ ರಾಡು. ನಡುಭಾಗವನ್ನು ಎರಡು ಕ್ಲಾಂಪುಗಳು ಬುಷ್ ಸಮೇತ ಹಿಡಿದಿರುತ್ತವೆ, ಎರಡು ತುದಿಗಳು ಲಿಂಕ್ ರಾಡುಗಳಿಗೆ ಸೇರಿರುತ್ತವೆ. ಕೆಲವು ವ್ಯಾನುಗಳಲ್ಲಿ ಕ್ಲಾಂಪು ಹಿಂದಿನ ಆಕ್ಸಲ್ ಮೇಲೆ, ಲಿಂಕ್ ಚಾಸಿಸ್‌ಗೆ. ಇನ್ನು ಕೆಲವದರಲ್ಲಿ ಇದು ತಿರುಗುಮುರುಗು. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ರಾಡು ಬುಷ್‌ನೊಳಗೆ ಸುಮ್ಮನೆ ತಿರುಗುತ್ತದೆ. ಒಂದೇ ಚಕ್ರ ಎದ್ದಾಗ ರಾಡು ತಿರುಚಿಕೊಂಡು ಬಾಡಿ ವಾಲದಂತೆ ತಡೆಯುತ್ತದೆ. ಆ ತಿರುಚುವ ಬಲವೆಲ್ಲ ಬುಷ್ ಮೇಲೆ ಬೀಳುತ್ತದೆ.

ಮುಳ್ಳಯ್ಯನಗಿರಿ ದಾರಿಯ ತಿರುವುಗಳಲ್ಲಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಎದುರಿನ ಬಸ್ಸಿಗೆ ಜಾಗ ಬಿಡಲು ಎಡಚಕ್ರವನ್ನು ಡಾಂಬರಿನಿಂದ ಕೆಳಗಿಳಿಸುವಾಗ ಈ ತಿರುಚಾಟ ನಡೆಯುತ್ತಲೇ ಇರುತ್ತದೆ. ತೋಟದ ಮಣ್ಣುದಾರಿಯ ಕೆಸರು ಕ್ಲಾಂಪಿನ ಅಂಚಿನಲ್ಲಿ ಕೂತು ಒಣಗಿದರೆ ರಾಡಿಗೂ ಬುಷ್‌ಗೂ ನಡುವೆ ಮರಳುಕಾಗದದಂತೆ ಉಜ್ಜುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಓಡುವ ಅದೇ ಮಾದರಿಯ ಗಾಡಿಯಲ್ಲಿ ಈ ಸವೆತ ಇಷ್ಟು ಬೇಗ ಕಾಣುವುದಿಲ್ಲ.

ಎಲೆಕ್ಟ್ರಿಕ್ ಗಾಡಿಯಲ್ಲಿ ಇನ್ನೆರಡು ಸಂಗತಿ ಸೇರುತ್ತವೆ. ಬ್ಯಾಟರಿಯ ತೂಕದಿಂದ ಖಾಲಿ ಗಾಡಿಯೇ ಭಾರ. ಜೊತೆಗೆ ಹಿಂದಿನ ಚಕ್ರಕ್ಕೆ ಮೋಟಾರಿರುವ ವ್ಯಾನಿನಲ್ಲಿ ಪೆಡಲ್ ಒತ್ತಿದಾಗ ಆಕ್ಸಲ್ ಒಂದು ದಿಕ್ಕಿಗೆ ತಿರುಗಲು ನೋಡುತ್ತದೆ, ಕಾಲು ತೆಗೆದು ರೀಜನರೇಟಿವ್ ಬ್ರೇಕಿಂಗ್ (ಮೋಟಾರೇ ಗಾಡಿಯನ್ನು ನಿಧಾನಿಸಿ ಬ್ಯಾಟರಿಗೆ ಕರೆಂಟು ಕೊಡುವುದು) ಹಿಡಿದಾಗ ಅದರ ವಿರುದ್ಧ ದಿಕ್ಕಿಗೆ. ಬುಷ್ ಆಕ್ಸಲ್ ಮೇಲಿರುವ ವಿನ್ಯಾಸದಲ್ಲಿ ಈ ಹಿಂದುಮುಂದಿನ ತಳ್ಳಾಟವೂ ಅದಕ್ಕೆ ತಾಗುತ್ತದೆ. ಎಂಜಿನ್ ಸದ್ದಿಲ್ಲದ ಕಾರಣ ಡೀಸೆಲ್ ಗಾಡಿಯಲ್ಲಿ ಗೊತ್ತೇ ಆಗದಂಥ ಸಣ್ಣ ಸಡಿಲವೂ ಇಲ್ಲಿ ಕಿವಿಗೆ ಬೀಳುತ್ತದೆ. ಇದು ಒಳ್ಳೆಯದೇ, ಬೇಗ ಗೊತ್ತಾಗುತ್ತದೆ.

ಬುಷ್ಷೇ ಕಾರಣ ಎಂದು ಖಚಿತ ಮಾಡಿಕೊಳ್ಳುವುದು

ಕ್ರೇಟು, ಟ್ರಾಲಿ, ಸಿಲಿಂಡರ್ ಏನೇ ಇದ್ದರೂ ಮೊದಲು ಇಳಿಸಿಬಿಡಿ. ಸ್ಟೆಪ್ನಿಯ ಹಿಡಿಕೆಯನ್ನು ಬಿಗಿ ಮಾಡಿ. ಹಿಂಬಾಗಿಲ ಚಿಲಕದ ಹತ್ತಿರ ಬಟ್ಟೆ ಮಡಿಸಿ ಸಿಕ್ಕಿಸಿ ಬಾಗಿಲು ಹಾಕಿ. ಎಷ್ಟೋ ‘ಸಸ್ಪೆನ್ಷನ್ ಶಬ್ದ’ಗಳು ಇಲ್ಲಿಯೇ ನಿಲ್ಲುತ್ತವೆ.

ಆಮೇಲೆ ಒಂದು ಹಂಪ್ ಹುಡುಕಿ. ನಡೆಯುವ ವೇಗದಲ್ಲಿ ಎರಡೂ ಹಿಂಚಕ್ರ ಒಟ್ಟಿಗೆ ಹತ್ತಿಳಿಯುವಂತೆ ನೇರವಾಗಿ ದಾಟಿ, ಕಿವಿಗೊಟ್ಟು ಕೇಳಿ. ಮತ್ತೆ ಬಂದು ಈ ಸಲ ಒಂದೇ ಬದಿಯ ಚಕ್ರ ಹಂಪಿನ ಅಂಚು ಹತ್ತುವಂತೆ, ಅಥವಾ ಒಂದು ಚಕ್ರ ಮಾತ್ರ ಗುಂಡಿಗೆ ಇಳಿಯುವಂತೆ ಓಡಿಸಿ. ಎರಡು ಚಕ್ರ ಒಟ್ಟಿಗೆ ಎದ್ದಾಗ ಸುಮ್ಮನಿದ್ದು, ಒಂದೇ ಚಕ್ರ ಎದ್ದಾಗ ಟಕ್ ಎಂದರೆ ಸ್ವೇ ಬಾರಿನ ಬುಷ್ ಅಥವಾ ಲಿಂಕ್ ಮೇಲೆ ಅನುಮಾನ ಪಡಬೇಕು, ಯಾಕೆಂದರೆ ರಾಡಿನ ಮೇಲೆ ಭಾರ ಬೀಳುವುದು ಆಗ ಮಾತ್ರ. ಎರಡೂ ಸಲ ಶಬ್ದ ಬಂದರೆ ಶಾಕ್‌ನ ಕಣ್ಣು (ಬೋಲ್ಟು ಹಾಯುವ ತುದಿಯ ಉಂಗುರ), ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಸ್‌ಗೆ ಸೇರಿಸುವ ಶ್ಯಾಕಲ್ ಬುಷ್, ಸಸ್ಪೆನ್ಷನ್ ಪೂರ್ತಿ ಕುಸಿದಾಗ ತಡೆಯುವ ರಬ್ಬರ್ ಬಂಪ್ ಸ್ಟಾಪ್ ಇವನ್ನು ಮೊದಲು ನೋಡಿ.

ಮೂರನೆಯದು ಕೈಪರೀಕ್ಷೆ. ಗಾಡಿಯನ್ನು ಗ್ಯಾರೇಜಿನ ಪಿಟ್ (ಕೆಳಗೆ ನಿಂತು ಕೆಲಸ ಮಾಡುವ ಗುಂಡಿ) ಮೇಲೆ ನಿಲ್ಲಿಸಿ, ಚಕ್ರಗಳು ನೆಲದ ಮೇಲೇ ಇರಲಿ. ಬುಷ್‌ನ ಪಕ್ಕದಲ್ಲೇ ರಾಡನ್ನು ಹಿಡಿದು ಜೋರಾಗಿ ಮೇಲೆ ಕೆಳಗೆ ಅಲ್ಲಾಡಿಸಿ. ಒಬ್ಬರು ಗಾಡಿಯ ಬದಿಯನ್ನು ತಳ್ಳಿ ಬಿಡುತ್ತಿರಲಿ, ನೀವು ಒಂದು ಬೆರಳನ್ನು ಕ್ಲಾಂಪಿನ ಮೇಲೂ ರಾಡಿನ ಮೇಲೂ ಸೇರಿಸಿ ಇಡಿ. ಸಡಿಲವಿದ್ದರೆ ಬೆರಳಿಗೆ ಸಣ್ಣ ಏಟು ತಾಗಿದ್ದು ಸ್ಪಷ್ಟವಾಗಿ ತಿಳಿಯುತ್ತದೆ. ಲಿಂಕ್ ರಾಡಿನ ಎರಡೂ ತುದಿಗೆ ಇದನ್ನೇ ಮಾಡಿ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಒಳಗೆ ನೀರು ಹೋಗಿದ್ದರೆ ಆ ಲಿಂಕ್ ಇಂದಲ್ಲ ನಾಳೆ ಶಬ್ದ ಮಾಡುವುದೇ.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ರಬ್ಬರ್ ಒಂದು ಬದಿಗೆ ಉಬ್ಬಿ ಕ್ಲಾಂಪಿನಿಂದ ಹೊರಬಂದಿರುವುದು, ರಾಡಿಗೂ ರಬ್ಬರಿಗೂ ನಡುವೆ ಬೆಳಕು ಕಾಣುವುದು, ಬುಷ್ ಪಕ್ಕದಲ್ಲಿ ಕೆಂಪು ತುಕ್ಕಿನ ಪುಡಿ, ರಾಡು ಉಜ್ಜಿ ಕನ್ನಡಿಯಂತೆ ಹೊಳೆಯುವುದು. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕಿದ್ದು, ಸಡಿಲ ಇಲ್ಲವೆಂದರೆ ಅದನ್ನು ಬದಲಿಸುವ ಅಗತ್ಯವಿಲ್ಲ. ಬಿಸಿಲು ಮಳೆಗೆ ರಬ್ಬರ್ ಹಾಗಾಗುವುದು ಸಹಜ.

ಯಾವ ಬುಷ್ ತರಬೇಕು

ಮೊದಲು ನಿಮ್ಮ ಗಾಡಿಯಲ್ಲಿರುವುದು ಸೀಳಿರುವ ಬುಷ್ಷೋ, ರಾಡಿಗೇ ಅಂಟಿಸಿದ್ದೋ ನೋಡಿ. ಸೀಳಿರುವುದನ್ನು ಬಿಡಿಸಿ ರಾಡಿಗೆ ತೊಡಿಸಬಹುದು. ಕೆಲವು ಹೊಸ ವ್ಯಾನುಗಳಲ್ಲಿ ಬುಷ್ ಅನ್ನು ಕಾರ್ಖಾನೆಯಲ್ಲೇ ರಾಡಿನ ಮೇಲೆ ಬೆಸೆದಿರುತ್ತಾರೆ. ಅದಕ್ಕೆ ಸೀಳಿರುವುದಿಲ್ಲ, ರಾಡು ಒಳಗೆ ಜಾರುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಅಂಥದ್ದು ಹೋದರೆ ರಾಡು ಸಮೇತ ಬದಲಿಸಬೇಕಾಗುತ್ತದೆ. ಬ್ಲೇಡಿನಿಂದ ಕೆತ್ತಿ ತೆಗೆದು ಸಿಕ್ಕಿದ ಸೀಳು ಬುಷ್ ಹಾಕುವ ‘ಉಪಾಯ’ ಬೇಡ. ಬೆಸೆದ ರಾಡಿನ ಮೇಲ್ಮೈ ಜಾರಲೆಂದು ನಯಗೊಳಿಸಿದ್ದಲ್ಲ, ಹೊಸ ರಬ್ಬರನ್ನು ಬೇಗ ತಿನ್ನುತ್ತದೆ.

ಬಿಡಿಭಾಗ ಕೇಳುವಾಗ ಗಾಡಿಯ ಹೆಸರಷ್ಟೇ ಹೇಳಿದರೆ ಸಾಲದು. ಒಂದೇ ಮಾದರಿಯಲ್ಲಿ ಭಾರ ಹೊರುವ ಸಾಮರ್ಥ್ಯಕ್ಕೆ ತಕ್ಕಂತೆ ಬೇರೆ ಬೇರೆ ದಪ್ಪದ ರಾಡು ಬರಬಹುದು. ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿಸ್ ನಂಬರ್ ಕೊಡಿ, ಜೊತೆಗೆ ವರ್ನಿಯರ್‌ನಲ್ಲಿ (ದಪ್ಪ ಅಳೆಯುವ ಕ್ಯಾಲಿಪರ್) ರಾಡಿನ ದಪ್ಪ ಅಳೆದು ಬರೆದುಕೊಳ್ಳಿ. ಬುಷ್ ಕೂರುವ ಜಾಗದಲ್ಲಲ್ಲ, ಅದರ ಪಕ್ಕದಲ್ಲಿ ಸವೆಯದ ಕಡೆ ಅಳೆಯಬೇಕು, ಬಣ್ಣದ ಪದರ ಕೆರೆದು. 22 ಮಿಮೀ ರಾಡಿಗೆ 24ರ ಬುಷ್ ಹಾಕಿದರೆ ಕ್ಲಾಂಪು ಬಿಗಿದ ಮೇಲೂ ಆಟ ಉಳಿಯುತ್ತದೆ. 20ರದ್ದನ್ನು ಒತ್ತಿ ಕೂರಿಸಿದರೆ ಸೀಳು ಬಾಯಿಬಿಟ್ಟೇ ಇರುತ್ತದೆ, ಕೆಸರಿಗೆ ಅದೇ ಬಾಗಿಲು. ಊರಿನಲ್ಲಿ ಸಿಗದಿದ್ದರೆ ಹಾಸನದಲ್ಲಿ ಅಥವಾ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು, ಆದರೆ ಅಳತೆ ಕೈಯಲ್ಲಿಲ್ಲದೆ ಹೋಗಬೇಡಿ.

ರಬ್ಬರೋ ಪಾಲಿಯುರೆಥೇನೋ ಎಂಬ ಪ್ರಶ್ನೆಗೆ ಇಲ್ಲಿಯ ರಸ್ತೆಗೆ ನಮ್ಮ ಉತ್ತರ ರಬ್ಬರೇ. ಪಾಲಿಯುರೆಥೇನ್ ಗಟ್ಟಿ, ಬಾಡಿ ವಾಲಾಟ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಅದಕ್ಕೆ ಸಿಲಿಕೋನ್ ಗ್ರೀಸ್ ಆಗಾಗ ಬೇಕು. ಮಳೆಗಾಲದ ಕೆಸರುನೀರು ಆ ಗ್ರೀಸನ್ನು ತೊಳೆದುಬಿಟ್ಟರೆ ಪ್ರತಿ ತಿರುವಿನಲ್ಲೂ ಕಿರ್ರ್ ಎನ್ನುತ್ತದೆ. ದಿನಕ್ಕೆ ಹತ್ತಾರು ಮನೆ ಬಾಗಿಲಿಗೆ ಹೋಗುವ ಗಾಡಿಗೆ ಅದು ಕಿರಿಕಿರಿ.

ತರಬೇಕಾದ್ದು:
- ಡಿ ಬುಷ್ 2 (ಒಂದೇ ಬದಿ ಸವೆದಿದ್ದರೂ ಜೋಡಿಯನ್ನೇ ಬದಲಿಸಿ)
- ಕ್ಲಾಂಪು 2, ಹಳೆಯದು ತುಕ್ಕು ತಿಂದಿದ್ದರೆ ಅಥವಾ ಬಾಯಿ ಅಗಲಿಸಿದ್ದರೆ
- ಕ್ಲಾಂಪಿನ ಬೋಲ್ಟು 4, ನೈಲಾನ್ ಉಂಗುರದ ಲಾಕ್ ನಟ್ಟುಗಳಿದ್ದರೆ ಅವೂ ಹೊಸವೇ
- ಲಿಂಕ್ ರಾಡು 2, ಪರೀಕ್ಷೆಯಲ್ಲಿ ಸಡಿಲ ಕಂಡರೆ ಮಾತ್ರ
- ತುಕ್ಕು ಬಿಡಿಸುವ ಎಣ್ಣೆ, ತಂತಿ ಬ್ರಷ್, 240 ಮತ್ತು 400 ನಂಬರ್ ಎಮರಿ ಪೇಪರ್, ಹಳೆ ಹತ್ತಿಬಟ್ಟೆ

ಉಪಕರಣಗಳಲ್ಲಿ 10ರಿಂದ 19 ಮಿಮೀವರೆಗಿನ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್, ಉದ್ದ ಹಿಡಿಯ ಟಾಮಿ, 5 ಮತ್ತು 6 ಮಿಮೀ ಅಲನ್ ಕೀ, ಎಷ್ಟು ಬಲದಲ್ಲಿ ಬಿಗಿದಿರಿ ಎಂದು ತೋರಿಸುವ ಟಾರ್ಕ್ ರೆಂಚ್, ವರ್ನಿಯರ್, ಕನಿಷ್ಠ 3 ಟನ್ನಿನ ಜಾಕ್, ಅಷ್ಟೇ ಸಾಮರ್ಥ್ಯದ ಸ್ಟ್ಯಾಂಡು ಎರಡು, ಚಕ್ರಕ್ಕೆ ಕೊಡುವ ಬೆಣೆ ನಾಲ್ಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಕೆಳಗೆ ಮಲಗಿ ತಂತಿ ಬ್ರಷ್ ಆಡಿಸುವಾಗ ಒಣಗಿದ ಕೆಸರು ನೇರ ಮುಖದ ಮೇಲೆಯೇ ಬೀಳುತ್ತದೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರ ಬಳಿಯಾದರೂ ಇಸಕೊಂಡು ತನ್ನಿ. ‘ಕೈ ಅಂದಾಜು’ ಸಣ್ಣ ಬೋಲ್ಟನ್ನು ಮುರಿಯುತ್ತದೆ, ದೊಡ್ಡದನ್ನು ಸಡಿಲ ಬಿಡುತ್ತದೆ.

ಕರೆಂಟಿನ ಗಾಡಿ ಎಂಬುದನ್ನು ಮರೆಯಬೇಡಿ

ಈ ಕೆಲಸದಲ್ಲಿ ಹೈ ವೋಲ್ಟೇಜಿನ ಯಾವ ಭಾಗವನ್ನೂ ಬಿಚ್ಚುವುದಿಲ್ಲ. ಆದರೂ ನಿಮ್ಮ ತಲೆ, ಕೈ, ಸ್ಪ್ಯಾನರ್ ಎಲ್ಲವೂ ಅದರ ಪಕ್ಕದಲ್ಲೇ ಇರುತ್ತವೆ. ಗಾಡಿಯಲ್ಲಿ 60 ವೋಲ್ಟ್ ಡಿಸಿಗಿಂತ ಮೇಲಿನದ್ದು ಹೈ ವೋಲ್ಟೇಜ್ ಲೆಕ್ಕ, ಆ ವೈರುಗಳ ಹೊದಿಕೆ ಕಿತ್ತಳೆ ಬಣ್ಣದ್ದು. ಕಿತ್ತಳೆ ಕೇಬಲ್ಲನ್ನು ಎಳೆಯಬಾರದು, ಅದಕ್ಕೆ ಆನಿಸಿ ಸನ್ನೆ ಹಾಕಬಾರದು, ಅದರ ಕ್ಲಿಪ್ಪನ್ನು ‘ಜಾಗ ಆಗಲಿ’ ಎಂದು ಬಿಡಿಸಬಾರದು. ಹೊದಿಕೆ ಸುಲಿದದ್ದು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಅಧಿಕೃತ ಸರ್ವೀಸಿನವರನ್ನು ಕರೆಸಿ. ಕಿತ್ತಳೆ ಬಣ್ಣದ ಸರ್ವೀಸ್ ಪ್ಲಗ್ ಎಳೆಯುವುದು ತರಬೇತಿ ಪಡೆದವರ ಕೆಲಸ, ಇಲ್ಲಿ ಅದರ ಅಗತ್ಯವೂ ಇಲ್ಲ.

ಚಾರ್ಜಿಂಗ್ ಗನ್ ತೆಗೆಯಿರಿ. ಗಾಡಿ ‘ರೆಡಿ’ಯಲ್ಲಿದ್ದರೂ ಸದ್ದು ಮಾಡುವುದಿಲ್ಲ, ಹಾಗಾಗಿ ಮೀಟರ್ ಪೂರ್ತಿ ಆರಿದ್ದನ್ನು ಕಣ್ಣಾರೆ ನೋಡಿ. ಕೀಲಿ ಚಾಲಕರ ಜೇಬಿನಲ್ಲಿರಬಾರದು. ರಿಮೋಟ್ ಕೀಲಿಯಾದರೆ ಗಾಡಿಯಿಂದ ದೂರ ಬೇರೆ ಕೋಣೆಯಲ್ಲಿಡಿ. ನಂತರ 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಬಟ್ಟೆ ಸುತ್ತಿಡಿ. ಇದಕ್ಕೆ ಕಾರಣವಿದೆ. ಕೆಲವು ಎಲೆಕ್ಟ್ರಿಕ್ ಗಾಡಿಗಳು ನಿಂತಲ್ಲೇ ತಾವಾಗಿ ಎದ್ದು ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ಚಾರ್ಜ್ ಮಾಡಿಕೊಳ್ಳುತ್ತವೆ. 12 ವೋಲ್ಟ್ ಸಿಗದಿದ್ದರೆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಸೇರಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್ ಕೂಡುವುದಿಲ್ಲ. ಬ್ಯಾಟರಿ ಪೆಟ್ಟಿಗೆಯೊಳಗೆ ಮಾತ್ರ ವೋಲ್ಟೇಜ್ ಇದ್ದೇ ಇರುತ್ತದೆ ಎಂಬುದು ನೆನಪಿರಲಿ. ಟರ್ಮಿನಲ್ ಬಿಚ್ಚುವ ಮುಂಚೆ ಬಾಗಿಲುಗಳನ್ನು ತೆರೆದಿಡಿ, ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಹಾಕಿರಿ.

ತಳ ತೊಳೆಸುವಾಗಲೂ ಎಚ್ಚರ ಬೇಕು. ಬ್ಯಾಟರಿ ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಇಳಿಯದು ಎಂದರ್ಥ. ಹತ್ತಿರದಿಂದ ಹೊಡೆಯುವ ಪ್ರೆಷರ್ ಗನ್ನಿನ ನೀರಿಗೆ ಆ ಭರವಸೆ ಅನ್ವಯಿಸುವುದಿಲ್ಲ. ಹಿಂದಿನ ದಿನ ಸಾಮಾನ್ಯ ಪೈಪಿನ ನೀರಿನಲ್ಲಿ ಕೆಸರು ನೆನೆಸಿ, ಬ್ರಷ್‌ನಲ್ಲಿ ತೆಗೆದು ಒಣಗಲು ಬಿಡಿ.

ಗಾಡಿ ಎತ್ತುವುದು

ಮಲೆನಾಡಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ, ಆದರೆ ಇಳಿಜಾರಿನ ಅಂಗಳದಲ್ಲಿ ಇದನ್ನು ಖಂಡಿತ ಮಾಡಬೇಡಿ. ಹೆಚ್ಚಿನ ವ್ಯಾನುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂಚಕ್ರಗಳನ್ನು. ನೀವು ಎತ್ತುವುದೂ ಅವನ್ನೇ. ಹಿಂಚಕ್ರ ನೆಲ ಬಿಟ್ಟ ಕ್ಷಣ ಗಾಡಿಯನ್ನು ಹಿಡಿದಿರುವುದು ಏನೂ ಇಲ್ಲ. ಗೇರನ್ನು ‘ಪಿ’ಗೆ (ಪಾರ್ಕಿಂಗ್) ಹಾಕಿದ್ದೇನೆ ಎಂಬ ಧೈರ್ಯವೂ ಸಾಲದು, ಹಿಂಚಕ್ರ ಚಾಲನೆಯ ಗಾಡಿಯಲ್ಲಿ ಆ ಲಾಕ್ ಕೂಡ ಅದೇ ಆಕ್ಸಲ್ಲಿನದು. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಬೆಣೆ ಕೊಟ್ಟು, ಗಾಡಿಯನ್ನು ಕೈಯಲ್ಲಿ ತಳ್ಳಿ ನೋಡಿ. ಗುಂಡನೆಯ ಕಲ್ಲು ಬೆಣೆಯಲ್ಲ.

ಜಾಕ್ ಎಲ್ಲಿ ಕೊಡಬೇಕೆಂದು ಗಾಡಿಯ ಕೈಪಿಡಿ ತೋರಿಸುತ್ತದೆ. ಎಲ್ಲಿ ಕೊಡಬಾರದು ಎಂಬುದು ಎಲ್ಲ ಗಾಡಿಗೂ ಒಂದೇ: ಬ್ಯಾಟರಿ ತಟ್ಟೆ, ಮೋಟಾರಿನ ಮತ್ತು ಗೇರ್ ಪೆಟ್ಟಿಗೆಯ ಅಲ್ಯೂಮಿನಿಯಂ ಮೈ, ಕೂಲಂಟ್ ಪೈಪ್. ತಟ್ಟೆ ಒಳಗೆ ತಗ್ಗಿದರೆ ಅದು ಸೆಲ್‌ಗಳಿಗೆ ತಾಗುವ ಅಪಾಯವಿದೆ. ಆ ಹಾನಿಯ ಮುಂದೆ ಬುಷ್‌ನ ಖರ್ಚು ಲೆಕ್ಕಕ್ಕೇ ಇಲ್ಲ.

ಹಿಂದೆ ಒಂದೇ ಗಟ್ಟಿ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗ್ ಇರುವ ವ್ಯಾನಾದರೆ, ಕೈಪಿಡಿ ಒಪ್ಪಿದರೆ, ಸ್ಟ್ಯಾಂಡುಗಳನ್ನು ಆಕ್ಸಲ್ಲಿನ ಉಕ್ಕಿನ ಕೊಳವೆಯ ಕೆಳಗೆ, ಎರಡೂ ಚಕ್ರಗಳ ಹತ್ತಿರ, ಒಂದೇ ಎತ್ತರದಲ್ಲಿ ಕೊಡಿ. ಹೀಗೆ ಮಾಡಿದರೆ ಗಾಡಿಯ ಭಾರ ಸ್ಪ್ರಿಂಗಿನ ಮೇಲೇ ಉಳಿಯುತ್ತದೆ, ಸಸ್ಪೆನ್ಷನ್ ರಸ್ತೆಯಲ್ಲಿ ನಿಂತಾಗಿನ ಸ್ಥಿತಿಯಲ್ಲೇ ಇರುತ್ತದೆ. ಬೇರೆ ಬೇರೆ ತೋಳುಗಳಿರುವ ಸ್ವತಂತ್ರ ಸಸ್ಪೆನ್ಷನ್ನಾದರೆ ಸ್ಟ್ಯಾಂಡು ಬಾಡಿಯ ಜಾಕ್ ಪಾಯಿಂಟಿಗೆ ಬರುತ್ತದೆ, ಚಕ್ರಗಳು ಇಳಿಬೀಳುತ್ತವೆ. ಅಂಥದ್ದರಲ್ಲಿ ಕೊನೆಯ ಬಿಗಿತಕ್ಕೆ ಬೇರೆ ವ್ಯವಸ್ಥೆ ಬೇಕು, ಅದನ್ನು ಮುಂದೆ ಹೇಳಿದೆ. ಯಾವುದೇ ವಿನ್ಯಾಸವಿರಲಿ, ಒಂದೇ ಬದಿ ಎತ್ತಿ ಕೆಲಸ ಮಾಡಬಾರದು. ಆಗ ರಾಡು ತಿರುಚಿಕೊಂಡು ಬಿಲ್ಲಿನಂತೆ ಬಿಗಿದಿರುತ್ತದೆ, ಲಿಂಕಿನ ನಟ್ಟು ತೆಗೆದ ಕೂಡಲೇ ಚಿಮ್ಮಿ ಮುಂಗೈ ಒಡೆಯುತ್ತದೆ.

ಪಿಟ್ ಇದ್ದರೆ ಇಷ್ಟೆಲ್ಲ ಬೇಡ. ನಾಲ್ಕೂ ಚಕ್ರ ನೆಲದ ಮೇಲಿರುತ್ತವೆ, ರಾಡಿನಲ್ಲಿ ತಿರುಚು ಇರುವುದಿಲ್ಲ, ಬಿಗಿಯುವುದೂ ಅಲ್ಲೇ. ಸಾಧ್ಯವಾದಲ್ಲೆಲ್ಲ ಪಿಟ್ಟಿನಲ್ಲೇ ಮಾಡಿ.

ಬಿಚ್ಚುವುದು

1. ಏನನ್ನೂ ಮುಟ್ಟುವ ಮೊದಲು ಫೋನಿನಲ್ಲಿ ನಾಲ್ಕೈದು ಫೋಟೋ ತೆಗೆಯಿರಿ: ಬುಷ್‌ನ ಸೀಳು ಯಾವ ಕಡೆಗಿದೆ, ಕ್ಲಾಂಪಿನ ಯಾವ ತುದಿ ಮುಂದಿದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ವೈರು, ಬ್ರೇಕ್ ಪೈಪು ಎಲ್ಲಿ ಹಾದಿವೆ. ರಾಡು ಎಡಬಲಕ್ಕೆ ಎಷ್ಟಿದೆ ಎಂದು ಚಾಸಿಸ್ಸಿನ ಒಂದು ಗುರುತಿನಿಂದ ಎರಡೂ ಕಡೆ ಅಳೆದಿಡಿ.

2. ಬೋಲ್ಟಿನ ಹೊರಗೆ ಕಾಣುವ ಎಳೆಗಳನ್ನು (ಥ್ರೆಡ್) ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಎಣ್ಣೆ ಬಿಟ್ಟು ಕನಿಷ್ಠ 20 ನಿಮಿಷ ಕಾಯಿರಿ. ಹಿಂದಿನ ಸಂಜೆಯೇ ಬಿಟ್ಟರೆ ಇನ್ನೂ ಒಳ್ಳೆಯದು. ಬ್ರೇಕ್ ಡ್ರಮ್ ಅಥವಾ ಡಿಸ್ಕಿಗೆ ಎಣ್ಣೆ ಹಾರದಂತೆ ಬಟ್ಟೆ ಮುಚ್ಚಿ.

3. ಎರಡೂ ಬದಿಯ ಲಿಂಕಿನ ಕೆಳತುದಿಯನ್ನು ಮೊದಲು ಬಿಚ್ಚಿ. ನಟ್ಟಿನ ಜೊತೆ ಒಳಗಿನ ಪಿನ್ನೂ ತಿರುಗಲು ಶುರುವಾದರೆ, ಪಿನ್ನಿನ ತುದಿಯ ಆರುಮೂಲೆಯ ಗುಳಿಗೆ ಅಲನ್ ಕೀ ಕೊಟ್ಟು ಹಿಡಿದು ರಿಂಗ್ ಸ್ಪ್ಯಾನರಿನಿಂದ ನಟ್ಟು ತಿರುಗಿಸಿ. ಆ ಗುಳಿಯಲ್ಲಿ ಕೆಸರು ತುಂಬಿರುತ್ತದೆ, ಮೊಳೆಯಿಂದ ಪೂರ್ತಿ ಕೆತ್ತಿ ತೆಗೆದ ಮೇಲೇ ಕೀ ಹಾಕಿ. ಅರ್ಧ ಕೂತ ಕೀ ಮೂಲೆಗಳನ್ನು ಸವೆಸಿದರೆ ಆಮೇಲೆ ಕತ್ತರಿಸುವುದೊಂದೇ ದಾರಿ.

4. ಕ್ಲಾಂಪಿನ ಬೋಲ್ಟುಗಳನ್ನು ಎರಡೂ ಬದಿ ಎರಡು ಮೂರು ಸುತ್ತು ಸಡಿಲಿಸಿ. ನಂತರ ಒಂದು ಬದಿಯ ಕ್ಲಾಂಪನ್ನು ಮಾತ್ರ ಪೂರ್ತಿ ತೆಗೆಯಿರಿ. ಇನ್ನೊಂದು ಬದಿ ರಾಡನ್ನು ಹಿಡಿದಿರಲಿ, ಇಲ್ಲದಿದ್ದರೆ ಅಷ್ಟುದ್ದ ರಾಡು ಎದೆಯ ಮೇಲೆ ಬೀಳುತ್ತದೆ, ಅಥವಾ ಬ್ರೇಕ್ ಪೈಪಿನ ಮೇಲೆ.

5. ಹಳೆ ಬುಷ್ ಅನ್ನು ಸೀಳಿನಿಂದ ಬಿಡಿಸಿ ತೆಗೆಯಿರಿ, ಆದರೆ ಎಸೆಯಬೇಡಿ. ಹೊಸದರ ಪಕ್ಕದಲ್ಲಿಟ್ಟು ಎತ್ತರ, ಅಗಲ, ಅಂಚಿನ ಆಕಾರ ಹೋಲಿಸಿ.

ಬೋಲ್ಟು ಬಿಚ್ಚುವಾಗ ಕಿರಕಿರ ಎಂದು ಬಿಗಿಯಾದರೆ ಬಲ ಹಾಕುತ್ತಾ ಹೋಗಬೇಡಿ. ಕಾಲು ಸುತ್ತು ಬಿಚ್ಚಿ, ಅಷ್ಟೇ ಬಿಗಿದು, ಎಣ್ಣೆ ಬಿಟ್ಟು, ಮತ್ತೆ ಅರ್ಧ ಸುತ್ತು. ಹೀಗೆ ಹಿಂದೆ ಮುಂದೆ ಆಡಿಸುತ್ತ ಬಂದರೆ ತುಕ್ಕಿನ ಪುಡಿ ಎಳೆಯಿಂದ ಹೊರಬರುತ್ತದೆ. ಡೀಸೆಲ್ ಗಾಡಿಯಲ್ಲಿ ರೂಢಿಯಿರುವಂತೆ ಗ್ಯಾಸ್ ಬೆಂಕಿ ಕೊಟ್ಟು ಕಾಯಿಸುವುದು ಇಲ್ಲಿ ಬೇಡವೇ ಬೇಡ. ಬ್ಯಾಟರಿ, ಕಿತ್ತಳೆ ಕೇಬಲ್, ಬ್ರೇಕ್ ಹೋಸ್ ಎಲ್ಲವೂ ಒಂದು ಗೇಣಿನಲ್ಲಿರುತ್ತವೆ. ಬೋಲ್ಟು ಮುರಿದೇ ಹೋದರೆ ನಡುವಿಗೆ ಸೆಂಟರ್ ಪಂಚ್ ಹೊಡೆದು ಸಣ್ಣ ಡ್ರಿಲ್ಲಿನಿಂದ ಶುರು ಮಾಡಿ ಎಕ್ಸ್‌ಟ್ರಾಕ್ಟರ್ (ಮುರಿದ ತುಂಡನ್ನು ಕಚ್ಚಿ ತಿರುಗಿಸಿ ತೆಗೆಯುವ ಸಾಧನ) ಹಾಕಬಹುದು, ಕಬ್ಬಿಣದ ಚೂರು ಕನೆಕ್ಟರ್ ಮೇಲೆ ಬೀಳದಂತೆ ದಪ್ಪ ಬಟ್ಟೆ ಮುಚ್ಚಿರಬೇಕು. ಚಾಸಿಸ್‌ನೊಳಗೆ ಬೆಸೆದ ನಟ್ಟೇ ಕಿತ್ತು ಸುತ್ತುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಅದಕ್ಕೆ ವೆಲ್ಡಿಂಗ್ ಬೇಕಾಗುತ್ತದೆ. ಎಲೆಕ್ಟ್ರಿಕ್ ಗಾಡಿಯ ಚಾಸಿಸ್‌ಗೆ ರಸ್ತೆ ಬದಿಯಲ್ಲಿ ವೆಲ್ಡಿಂಗ್ ಮಾಡಿಸುವುದು ಬ್ಯಾಟರಿಗೂ ಎಲೆಕ್ಟ್ರಾನಿಕ್ಸಿಗೂ ಅಪಾಯ, ಕಂಪನಿಯ ಸರ್ವೀಸಿನವರೇ ಮಾಡಲಿ.

ರಾಡು ಸ್ವಚ್ಛ ಮಾಡುವುದು: ಯಾರೂ ಸಮಯ ಕೊಡದ ಹಂತ

ಬುಷ್ ಕೂರುವ ಜಾಗವನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಆಮೇಲೆ 240ರ ಎಮರಿಯಲ್ಲಿ, ಕೊನೆಗೆ 400ರಲ್ಲಿ ಉಜ್ಜಿ. ಬೆರಳ ತುದಿ ಸವರಿದರೆ ತುಕ್ಕಿನ ದಿಣ್ಣೆ ಎಲ್ಲೂ ತಾಗಬಾರದು. ಕ್ಲಾಂಪಿನ ಒಳಮೈ, ಅದು ಕೂರುವ ಚಾಸಿಸ್ ಮೈ ಎರಡನ್ನೂ ಕೆರೆಯಿರಿ. ಅಲ್ಲಿ ಎರಡು ಮಿಮೀ ಒಣಕೆಸರು ಉಳಿದರೂ ಕ್ಲಾಂಪು ಸರಿಯಾಗಿ ಕೂರುವುದಿಲ್ಲ. ನೀವು ಟಾರ್ಕ್ ಕೊಟ್ಟಿದ್ದು ಕೆಸರಿಗೆ, ಅದು ಮೊದಲ ಮಳೆಗೆ ಕರಗಿ ಹೋಗುತ್ತದೆ, ಬೋಲ್ಟು ಸಡಿಲವಾಗುತ್ತದೆ.

ಈಗ ವರ್ನಿಯರ್ ತೆಗೆದುಕೊಳ್ಳಿ. ಬುಷ್ ಜಾಗದಲ್ಲಿ ಮೇಲೆ-ಕೆಳಗೆ ಒಮ್ಮೆ, ಹಿಂದೆ-ಮುಂದೆ ಒಮ್ಮೆ ಅಳೆದು ಪಕ್ಕದ ಸವೆಯದ ಅಳತೆಯ ಜೊತೆ ಹೋಲಿಸಿ. ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸವೆದಿದ್ದರೆ ಹೊಸ ಬುಷ್ ಹಾಕಿದರೂ ಶಬ್ದ ಬೇಗ ಮರಳುತ್ತದೆ, ರಾಡನ್ನೇ ಬದಲಿಸುವುದು ಲೇಸು. ಆಳವಾದ ಗುಳಿ ಅಥವಾ ಅಡ್ಡ ಬಿರುಕು ಕಂಡರೆ ಯೋಚಿಸುವುದೇ ಬೇಡ, ಸ್ಪ್ರಿಂಗ್ ಸ್ಟೀಲ್ ಮುರಿಯುವುದು ಅಂಥ ಜಾಗದಲ್ಲೇ. ರಾಡಿಗೆ ವೆಲ್ಡಿಂಗ್ ಮಾಡಿಸಿ ತುಂಬಿಸುವುದೂ ಬೇಡ, ಕಾಯಿಸಿದ ಕಡೆ ಅದರ ಹದ ಹೋಗುತ್ತದೆ.

ಉಜ್ಜಿದ ಜಾಗಕ್ಕೆ ದಪ್ಪ ಪೇಂಟ್ ಬಳಿಯಬೇಡಿ. ಹಸಿ ಬಣ್ಣಕ್ಕೆ ರಬ್ಬರ್ ಅಂಟಿಕೊಂಡು ತಿರುಗುವಾಗ ಹರಿಯುತ್ತದೆ.

ಹೊಸದನ್ನು ಕೂರಿಸುವುದು

ರಬ್ಬರ್ ಬುಷ್‌ಗೆ ಚಾಸಿಸ್ ಗ್ರೀಸ್, ಎಂಜಿನ್ ಆಯಿಲ್, ತುಕ್ಕು ಎಣ್ಣೆ ಯಾವುದೂ ತಾಗಬಾರದು. ಪೆಟ್ರೋಲಿಯಂ ಎಣ್ಣೆಗೆ ನೈಸರ್ಗಿಕ ರಬ್ಬರ್ ಊದಿ ಮೆತ್ತಗಾಗುತ್ತದೆ. ಕೈಗೆ ಎಣ್ಣೆ ಆಗಿದ್ದರೆ ಸೋಪು ಹಾಕಿ ತೊಳೆದುಕೊಂಡೇ ಬುಷ್ ಮುಟ್ಟಿ. ಜಾರಲು ಕಷ್ಟವಾದರೆ ಸೋಪುನೀರು ಸಾಕು, ಒಣಗಿದ ಮೇಲೆ ಹಿಡಿತ ಬರುತ್ತದೆ. ಕೆಲವು ಕಂಪನಿಗಳು ಒಣಗಿದಂತೆಯೇ ಹಾಕಲು ಹೇಳುತ್ತವೆ, ಹಾಗಿದ್ದರೆ ಹಾಗೇ ಮಾಡಿ. ಪಾಲಿಯುರೆಥೇನ್ ಹಾಕುವವರು ಮಾತ್ರ ಅದರ ಜೊತೆ ಬರುವ ಸಿಲಿಕೋನ್ ಗ್ರೀಸನ್ನು ಒಳಮೈಗೆಲ್ಲ ತೆಳ್ಳಗೆ ಸವರಬೇಕು.

ಸೀಳನ್ನು ಫೋಟೋದಲ್ಲಿದ್ದ ದಿಕ್ಕಿಗೇ ಇಡಿ. ಬುಷ್‌ನ ಚಪ್ಪಟೆ ಮೈ ಚಾಸಿಸ್ ಅಥವಾ ಆಕ್ಸಲ್ಲಿನ ಮೇಲೆ, ಗುಂಡನೆಯ ಮೈ ಕ್ಲಾಂಪಿನೊಳಗೆ. ಬುಷ್ ಮೇಲೆ ಅಂಚು ಅಥವಾ ತೋಡು ಇದ್ದರೆ ಕ್ಲಾಂಪು ಅದರೊಳಗೇ ಕೂರಬೇಕು. ರಾಡಿನ ಮೇಲೆ ಉಬ್ಬಿದ ಉಂಗುರವಿದ್ದರೆ ಬುಷ್ ಅದರ ಯಾವ ಬದಿಗಿತ್ತೋ ಅಲ್ಲೇ ಇರಲಿ. ಆ ಉಂಗುರ ಇರುವುದೇ ರಾಡು ಪಕ್ಕಕ್ಕೆ ಸರಿಯದಿರಲೆಂದು.

ಬೋಲ್ಟುಗಳನ್ನು ಕೈಯಲ್ಲೇ ನಾಲ್ಕೈದು ಎಳೆ ಓಡಿಸಿ. ಮೊದಲಿಂದಲೇ ಸ್ಪ್ಯಾನರ್ ಬೇಕೆನಿಸಿದರೆ ಎಳೆ ಅಡ್ಡ ಕೂತಿದೆ, ತೆಗೆದು ಮತ್ತೆ ಹಾಕಿ. ಎರಡನೇ ಬೋಲ್ಟು ರಂಧ್ರಕ್ಕೆ ಮುಟ್ಟದಿರುವುದು ಸಾಮಾನ್ಯ, ಹೊಸ ರಬ್ಬರ್ ದಪ್ಪಗಿರುತ್ತದೆ. ಕ್ಲಾಂಪನ್ನು ಕೆಳಗಿನಿಂದ ಮರದ ತುಂಡಿಟ್ಟು ಸಣ್ಣ ಜಾಕಿನಿಂದ ಮೆಲ್ಲಗೆ ಒತ್ತಿ ಹಿಡಿದರೆ ಬೋಲ್ಟು ತಾನಾಗಿ ಹಿಡಿಯುತ್ತದೆ. ಉದ್ದದ ಬೋಲ್ಟು ಹಾಕಿ ಎಳೆದುಕೊಳ್ಳುವವರೂ ಇದ್ದಾರೆ. ಅದರಿಂದ ಕ್ಲಾಂಪು ಸೊಟ್ಟಗಾಗುವುದೇ ಹೆಚ್ಚು.

ಒಂದು ಬದಿ ಮುಗಿಸಿ ಬೆರಳ ಬಿಗಿತಕ್ಕೆ ಬಿಟ್ಟು, ಇನ್ನೊಂದು ಬದಿಗೆ ಹೋಗಿ. ಎರಡೂ ಕೂತ ಮೇಲೆ ರಾಡನ್ನು ಮೊದಲು ಅಳೆದಿಟ್ಟ ಅಂತರಕ್ಕೆ ಎಡಬಲ ಸರಿಸಿ. ಹತ್ತು ಮಿಲಿಮೀಟರ್ ಒಂದು ಕಡೆಗೆ ಸರಿದಿದ್ದರೆ ಲಿಂಕ್ ಓರೆಯಾಗಿ, ಅದರ ಬಾಲ್ ಜಾಯಿಂಟ್ ಬೇಗ ಹೋಗುತ್ತದೆ. ಈಗ ಲಿಂಕ್ ಜೋಡಿಸಿ ನಟ್ಟನ್ನು ಕೂರಿಸಿ, ಬಿಗಿಯಬೇಡಿ.

ಬಿಗಿಯುವುದು

ಕೊನೆಯ ಬಿಗಿತ ಗಾಡಿಯ ಭಾರ ಸಸ್ಪೆನ್ಷನ್ ಮೇಲಿದ್ದಾಗಲೇ ಆಗಬೇಕು. ಚಕ್ರ ನೇತಾಡುವಾಗ ರಾಡಿನ ತೋಳುಗಳು ಕೆಳಗೆ ಇಳಿದಿರುತ್ತವೆ. ಆ ಭಂಗಿಯಲ್ಲಿ ರಬ್ಬರನ್ನು ಅದುಮಿ ಹಿಡಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ರಸ್ತೆಯ ಪೆಟ್ಟು ಅದರ ಮೇಲೆ ಸೇರಿದಾಗ ಒಂದೇ ಕಡೆ ಹರಿಯುತ್ತದೆ. ರಾಡಿಗೆ ಬಿಗಿಯಾಗಿ ಹಿಡಿಯುವ ಬುಷ್ ಮತ್ತು ಲಿಂಕಿನ ರಬ್ಬರ್ ಕಣ್ಣಿಗೆ ಇದು ಹೆಚ್ಚು ಅನ್ವಯಿಸುತ್ತದೆ, ಜಾರುವ ಬುಷ್‌ಗೆ ಸ್ವಲ್ಪ ಕಡಿಮೆ. ಆದರೂ ಒಂದೇ ಅಭ್ಯಾಸ ಇಟ್ಟುಕೊಳ್ಳುವುದು ಸುಲಭ.

ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟಿದ್ದರೆ ಆಗಲೇ ಸರಿಯಾದ ಸ್ಥಿತಿಯಲ್ಲಿದ್ದೀರಿ. ಸ್ವತಂತ್ರ ಸಸ್ಪೆನ್ಷನ್ನಿನ ಗಾಡಿಯನ್ನು ಇಳಿಸಿ, ಹಿಂಚಕ್ರಗಳನ್ನು ಗಟ್ಟಿ ರ‍್ಯಾಂಪ್ ಮೇಲೆ ಹತ್ತಿಸಿ ಅಥವಾ ಪಿಟ್ಟಿಗೆ ತನ್ನಿ. ಹಾಗೆ ಓಡಿಸಲು 12 ವೋಲ್ಟ್ ಮತ್ತೆ ಜೋಡಿಸಬೇಕು, ನಿಲ್ಲಿಸಿದ ಮೇಲೆ ಮೊದಲಿನ ಕ್ರಮವನ್ನೇ ಪೂರ್ತಿ ಮಾಡಿ ಕೆಳಗೆ ಹೋಗಿ. ಗಾಡಿಯನ್ನು ಇಳಿಸಿದ ಕೂಡಲೇ ಹಿಂದೆ ಮುಂದೆ ಒಂದೆರಡು ಅಡಿ ಉರುಳಿಸಿ, ಹಿಂಬಂಪರನ್ನು ಮೂರ‍್ನಾಲ್ಕು ಸಲ ಅದುಮಿ ಬಿಟ್ಟರೆ ಸಸ್ಪೆನ್ಷನ್ ತನ್ನ ಜಾಗಕ್ಕೆ ಬರುತ್ತದೆ.

ಟಾರ್ಕ್ ಅಂಕಿ ನಿಮ್ಮ ಗಾಡಿಯ ಸರ್ವೀಸ್ ಕೈಪಿಡಿಯದ್ದೇ ಅಂತಿಮ. ಹೋಲಿಕೆಗಾಗಿ, ತಲೆಯ ಮೇಲೆ 8.8 ಎಂದು ಬರೆದ ಒಣ ಬೋಲ್ಟಿಗೆ ಸಾಮಾನ್ಯವಾಗಿ ಎಂ8ಕ್ಕೆ (8 ಮಿಮೀ ದಪ್ಪದ ಬೋಲ್ಟು) ಸುಮಾರು 25 ನ್ಯೂಟನ್ ಮೀಟರ್, ಎಂ10ಕ್ಕೆ 50ರ ಆಸುಪಾಸು, ಎಂ12ಕ್ಕೆ 85ರ ಆಸುಪಾಸು ಬರುತ್ತದೆ. ಹಳೆಯ ರೆಂಚಿನಲ್ಲಿ ಕೆಜಿ-ಮೀಟರ್ ಇದ್ದರೆ ಹತ್ತರಿಂದ ಭಾಗಿಸಿ, ಅಂದಾಜು ಸರಿಹೋಗುತ್ತದೆ. ಎಳೆಗೆ ಎಣ್ಣೆ ಇದ್ದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ, ಒರೆಸಿಯೇ ಹಾಕಿ. ಒಂದು ಕ್ಲಾಂಪಿನ ಎರಡು ಬೋಲ್ಟುಗಳನ್ನು ಬದಲಿಸಿ ಬದಲಿಸಿ ಮೂರು ಕಂತಿನಲ್ಲಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಕ್ಲಾಂಪು ವಾಲಿ ರಬ್ಬರ್ ಆ ಕಡೆ ಹಿಂಡಿಕೊಳ್ಳುತ್ತದೆ. ಕೊನೆಗೆ ಲಿಂಕ್ ನಟ್ಟುಗಳು. ಪ್ರತಿ ಬೋಲ್ಟಿನ ತಲೆಯಿಂದ ಕ್ಲಾಂಪಿಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಟಾರ್ಚ್ ಹಾಕಿ ನೋಡಿದರೆ ಸಾಕು, ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ.

ಪೂರ್ತಿ ಟಾರ್ಕ್ ಬಂದ ಮೇಲೂ ಕ್ಲಾಂಪಿನ ಕಿವಿ ಲೋಹಕ್ಕೆ ಲೋಹ ಕೂರದೆ ಸಂದು ಉಳಿದಿದ್ದರೆ ಬುಷ್ ದೊಡ್ಡದಾಗಿದೆ ಅಥವಾ ಕೆಳಗೆ ಕೊಳೆ ಇದೆ. ಇನ್ನಷ್ಟು ಬಿಗಿಯುವುದು ಅದಕ್ಕೆ ಪರಿಹಾರವಲ್ಲ.

ಓಡಿಸಿ ನೋಡುವುದು, ಆಮೇಲಿನ ಶಬ್ದಗಳು

ಗಾಡಿ ಇಳಿಸುವ ಮುನ್ನ ಎಬಿಎಸ್ ವೈರು, ಬ್ರೇಕ್ ಪೈಪು, ಕಿತ್ತಳೆ ಕೇಬಲ್ ಇವುಗಳಿಗೂ ರಾಡಿಗೂ ನಡುವೆ ಬೆರಳು ಆಡುವಷ್ಟು ಜಾಗವಿದೆಯೇ ನೋಡಿ. ರಾಡನ್ನು ಪೂರ್ತಿ ತೆಗೆದು ತಲೆಕೆಳಗಾಗಿ ಹಾಕಿದಾಗ ಅದರ ಬಾಗು ಕೇಬಲ್ಲಿಗೆ ತಾಗುವುದುಂಟು. 12 ವೋಲ್ಟ್ ಟರ್ಮಿನಲ್ ಜೋಡಿಸಿ, ಗಾಡಿ ಆನ್ ಮಾಡಿ, ಮೀಟರಿನಲ್ಲಿ ಎಬಿಎಸ್ ಅಥವಾ ಸಿಸ್ಟಮ್ ದೀಪ ಉರಿದೇ ಇದ್ದರೆ ಓಡಿಸುವ ಮೊದಲು ಕಾರಣ ಹುಡುಕಿ. ಹೆಚ್ಚಿನ ಸಲ ಅದು ಕೈ ತಾಗಿ ಸಡಿಲವಾದ ಚಕ್ರದ ಸೆನ್ಸರ್ ಸಾಕೆಟ್ಟೇ.

ಅದೇ ಹಂಪಿಗೆ ಹೋಗಿ, ಅದೇ ಪರೀಕ್ಷೆ: ಮೊದಲು ಎರಡೂ ಚಕ್ರ, ಆಮೇಲೆ ಒಂದೊಂದೇ. ಖಾಲಿ ಗಾಡಿಯಲ್ಲಿ ಒಮ್ಮೆ, ದಿನದ ಸಾಮಾನ್ಯ ಲೋಡ್ ಹಾಕಿ ಒಮ್ಮೆ.

ಟಕ್ ಶಬ್ದ ಸ್ವಲ್ಪ ತಗ್ಗಿ ಉಳಿದಿದ್ದರೆ ಲಿಂಕ್ ನೋಡಿ. ಬುಷ್ ಬಿಗಿಯಾದ ಮೇಲೆ ಲಿಂಕಿನ ಸಣ್ಣ ಆಟ ಹೊರಗೆ ಕೇಳಿಸುವುದು ಮಾಮೂಲು. ಶುಷ್ಕ ದಿನ ಕಿರುಗುಟ್ಟಿ ಮಳೆ ಬಂದರೆ ನಿಲ್ಲುವ ಶಬ್ದ ರಬ್ಬರಿನ ಒಣ ಉಜ್ಜಾಟದ್ದು. ಮೊದಲ ಕೆಲವು ದಿನ ಇದ್ದು ತಾನಾಗಿ ಹೋದರೆ ಚಿಂತೆಯಿಲ್ಲ, ಹೋಗದಿದ್ದರೆ ರಾಡಿನ ಮೇಲ್ಮೈ ಒರಟಾಗಿ ಉಳಿದಿದೆ. ಗಾಡಿ ಒಂದು ಬದಿಗೆ ಎಳೆಯುತ್ತಿದ್ದರೆ ಬುಷ್‌ಗೆ ಅದರ ಸಂಬಂಧವಿಲ್ಲ, ಟೈರಿನ ಗಾಳಿ ಮತ್ತು ಬ್ರೇಕ್ ಹಿಡಿತ ನೋಡಿ. ತಿರುವಿನಲ್ಲಿ ವಾಲಾಟ ಮೊದಲಿನಷ್ಟೇ ಇದ್ದರೆ ರಾಡು ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಪಟ್ಟಿ ಸ್ಪ್ರಿಂಗಿನ ಎಲೆ ಮುರಿದಿದೆಯೇ, ಆರ್‌ಸಿಯಲ್ಲಿರುವ ತೂಕ ಮೀರಿ ಲೋಡ್ ಆಗುತ್ತಿದೆಯೇ ಎಂದು ಒಂದೊಂದಾಗಿ ಪರಿಶೀಲಿಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ‘ಹೇಗೂ ಆ ಕಡೆ ಹೋಗುತ್ತೀರಲ್ಲ’ ಎಂದು ವ್ಯಾನಿಗೆ ಎರಡು ಮೂಟೆ ಹೆಚ್ಚುವರಿ ಬೀಳುವುದನ್ನು ತಡೆಯದಿದ್ದರೆ ಯಾವ ಬುಷ್ಷೂ ಬಾಳದು.

100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಟಾರ್ಕ್ ರೆಂಚ್ ಹಿಡಿದು ನಾಲ್ಕು ಕ್ಲಾಂಪ್ ಬೋಲ್ಟು, ಲಿಂಕ್ ನಟ್ಟುಗಳನ್ನು ನೋಡಿ, ಪೇಂಟ್ ಗೆರೆ ಸರಿದಿದ್ದರೆ ಹೊಸದಾಗಿ ಎಳೆಯಿರಿ. ಆಮೇಲೆ ಮಳೆಗಾಲ ಶುರುವಾಗುವ ಮೊದಲು, ಮೇ ಕೊನೆಯಲ್ಲಿ ಒಮ್ಮೆ, ಮುಗಿದ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಕ್ಲಾಂಪಿನ ಸುತ್ತಲ ಕೆಸರನ್ನು ಬ್ರಷ್‌ನಿಂದ ತೆಗೆದು ಟಾರ್ಚ್ ಬಿಟ್ಟು ನೋಡಿ.